ರಾಕ್ಷಸನಿಗೆ ನಮ್ಮಪ್ಪನ ಮುಖ

ಪೋಸ್ಟು ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಇವತ್ತು ಒಳಮೀಸಲಾತಿ ಬಗ್ಗೆ ಬರೀತಿಲ್ಲ, ಬಜೆಟ್ ಬಗ್ಗೆನೂ ಬರೀತಿಲ್ಲ. ಒಂದು ಚಿತ್ರದ ಬಗ್ಗೆ ಬರೀತಿದ್ದೀನಿ. ಆದ್ರೆ ಕೊನೆಗೆ ಬಂದು ನಿಲ್ಲೋದು ನಾವು ದಿನಾ ಮಾತಾಡೋ ಜಾಗಕ್ಕೇ.

ಮೊನ್ನೆ ರಾತ್ರಿ ಹನ್ನೊಂದೂವರೆ ಗಂಟೆಗೆ ನಮ್ಮಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ್ಲು. ಯಾವುದೋ ಯುದ್ಧದ ಗೇಮಿಗೆ ಬರೆದಿರೋ ರಾಕ್ಷಸ. ಕಡುಗಪ್ಪು ಮೈ, ಅಗಲ ಮೂಗು, ಗುಂಗುರು ಕೂದಲು, ಹಣೆ ಮೇಲೆ ಆಳವಾದ ಮೂರು ಗೆರೆ, ಕೊರಳಲ್ಲಿ ಮೂಳೆ ಸರ, ಕೈಯಲ್ಲಿ ಗದೆ. ಎಡಗಣ್ಣಿನ ಹುಬ್ಬು ಮಧ್ಯಕ್ಕೆ ಸೀಳಿದ ಗಾಯದ ಗುರುತು. ಕೆಳಗೆ ಒಂದೇ ಸಾಲು: "ಮಾವ, ಯಾರ ಥರ ಕಾಣ್ತಾನೆ ಹೇಳು."

ನನಗೆ ಎದೆ ಝಲ್ ಅಂತು. ಆ ಹುಬ್ಬಿನ ಗಾಯ ನನಗೆ ಗೊತ್ತು. ಎತ್ತು ಕೊಂಬು ಬೀಸಿದಾಗ ಆದ ಗಾಯ ಅದು. ಆ ಮೂರು ಗೆರೆ, ಆ ಮೂಗು ಎಲ್ಲಾ ಗೊತ್ತು. ಅದು ನಮ್ಮಪ್ಪ. ಅವಳಿಗೆ ತಾತ.

ಫೋನ್ ಮಾಡಿದೆ. "ಬೇಕಂತ ಬರೀಲಿಲ್ಲ ಮಾವ" ಅಂದ್ಲು. "ಬ್ರೀಫಲ್ಲಿ ಕರೀ ಮೈ, ಕಾಡು ಮುಖ, ಕೊಳಕು, ಕ್ರೂರಿ ಅಂತ ಬರ್ದಿದ್ರು. ಜೊತೆಗೆ ಇಪ್ಪತ್ತು ಫೋಟೋ ಕೊಟ್ಟಿದ್ರು, ನೋಡ್ಕೊಂಡು ಬರೀ ಅಂತ. ಅದರಲ್ಲಿ ಅರ್ಧಕ್ಕರ್ಧ ನಮ್ಮ ಕೇರಿ ಜನದ ಥರಾನೇ ಇದ್ರು. ಬರೀತಾ ಬರೀತಾ ಕೈ ತಾನೇ ತಾನಾಗಿ ತಾತನ ಹತ್ರ ಹೋಗ್ಬಿಡ್ತು. ಮುಗಿದ ಮೇಲೇ ನೋಡಿದ್ದು. ಅಷ್ಟೊತ್ತಿಗೆ ಅಪ್ರೂವ್ ಆಗಿಹೋಗಿತ್ತು. ಈ ಪ್ರಾಜೆಕ್ಟಲ್ಲೇ ಬೆಸ್ಟ್ ಕ್ಯಾರೆಕ್ಟರ್ ಅಂದ್ರು."

ಆಮೇಲೆ ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ.

ಅವಳ ಕೆಲಸ ಏನು ಅಂತ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನನಗೂ ಗೊತ್ತಿರಲಿಲ್ಲ, ಡ್ರಾಯಿಂಗ್ ಟೀಚರ್ ಆಗ್ತಾಳೆ ಅಂದ್ಕೊಂಡಿದ್ದೆ. ಅವಳು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕಾನ್ಸೆಪ್ಟ್ ಆರ್ಟಿಸ್ಟ್. ಸಿನಿಮಾ, ಗೇಮು, ಅನಿಮೇಷನ್ನಿಗೆ ಇನ್ನೂ ಹುಟ್ಟದೇ ಇರೋ ಲೋಕವನ್ನ ಮೊದಲು ಕಾಗದದ ಮೇಲೆ ತರೋ ಕೆಲಸ. ಕತೆಗಾರ "ಒಂದು ಅರಮನೆ" ಅಂತ ಎರಡು ಪದ ಬರೀತಾನೆ. ಆ ಅರಮನೆ ಕಲ್ಲಿಂದೋ ಗಾಜಿಂದೋ, ಬಾಗಿಲು ಎಷ್ಟೆತ್ತರ, ಕಾವಲುಗಾರ ಏನು ಉಟ್ಟಿದ್ದಾನೆ, ಬೆಳಕು ಯಾವ ಕಡೆಯಿಂದ ಬೀಳುತ್ತೆ, ಇದೆಲ್ಲಾ ಇವರ ತೀರ್ಮಾನ. ಮೊದಲು ಹೆಬ್ಬೆಟ್ಟಿನಗಲದ ಹತ್ತಿಪ್ಪತ್ತು ಸಣ್ಣ ಚಿತ್ರ. ಆಮೇಲೆ ಬರೀ ಕಪ್ಪು ನೆರಳಿನಾಕಾರ, ಯಾಕಂದ್ರೆ ನೆರಳು ನೋಡಿದ ಕೂಡಲೇ ಇವನು ಒಳ್ಳೆಯವನೋ ಕೆಟ್ಟವನೋ ಅಂತ ಗೊತ್ತಾಗಬೇಕಂತೆ. ಆಮೇಲೆ ಬಣ್ಣ. ಕೊನೆಗೆ ಒಂದೇ ಮನುಷ್ಯನನ್ನ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಬರೆದು ಕೊಡಬೇಕು. ಅದನ್ನಿಟ್ಟುಕೊಂಡು ಮಿಕ್ಕವರು ಕಂಪ್ಯೂಟರಿನಲ್ಲಿ ಬೊಂಬೆ ಕಟ್ತಾರೆ, ಸೆಟ್ ಹಾಕ್ತಾರೆ, ಬಟ್ಟೆ ಹೊಲೀತಾರೆ.

ನೆರಳು ನೋಡಿದ ಕೂಡಲೇ ಕೆಟ್ಟವನು ಅಂತ ಗೊತ್ತಾಗಬೇಕು. ಈ ಮಾತು ನನ್ನ ತಲೆಯಿಂದ ಹೋಗ್ತಿಲ್ಲ. ನಮ್ಮಪ್ಪನ ನೆರಳು ತಾಗಿದ್ರೆ ಮೈಲಿಗೆ ಅಂದಿದ್ದ ಕಾಲವೊಂದಿತ್ತು. ಈಗ ಅದೇ ನೆರಳನ್ನ ಡಿಸೈನ್ ಮಾಡ್ತಾರೆ.

ಗುಬ್ಬಿ ತಾಲ್ಲೂಕು, ಬಿದರೆಹಳ್ಳಿ ಕಾವಲ್ ಕಡೆಯವರು ನಾವು. ಕಾವಲ್ ಅಂದ್ರೆ ದನ ಮೇಯೋಕೆ ಬಿಟ್ಟ ಹುಲ್ಲುಗಾವಲು. ನಮ್ಮಪ್ಪ ಇಂಥ ಕಾವಲುಗಳಲ್ಲಿ ಬೇರೆಯವರ ದನ ಮೇಯಿಸಿಕೊಂಡು ಬೆಳೆದವನು. ಈಗ ಬಿದರೆಹಳ್ಳಿ ಕಾವಲಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ. 2016ರ ಜನವರಿ 3ಕ್ಕೆ ಪ್ರಧಾನಿ ಬಂದು ಶಂಕುಸ್ಥಾಪನೆ ಮಾಡಿದ್ರು, 2023ರ ಫೆಬ್ರವರಿ 6ಕ್ಕೆ ಮತ್ತೆ ಬಂದು ಉದ್ಘಾಟಿಸಿದ್ರು. ಹಗುರ ಹೆಲಿಕಾಪ್ಟರುಗಳಿಂದ ಕೆಲಸ ಶುರು. ಸುತ್ತಲ ಹಳ್ಳಿ ಮಕ್ಕಳ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ನೋಡಿ, ಮೊದಲು ಬಸ್ಸು ಇರ್ತಿತ್ತು, ಈಗ ಹೆಲಿಕಾಪ್ಟರ್ ಇರುತ್ತೆ. ಈ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ಒಂದು ಪ್ರಶ್ನೆ. ರಾಕ್ಷಸ ಹೀಗೇ ಇರ್ತಾನೆ ಅಂತ ತೀರ್ಮಾನ ಮಾಡಿದ್ದು ಯಾರು?

ಆ ಸ್ಟುಡಿಯೋದವರನ್ನ ಬೈದು ಕೈ ತೊಳ್ಕೊಳ್ಳೋಕೆ ಆಗಲ್ಲ. ಅವರು ಇದನ್ನ ಹೊಸದಾಗಿ ಕಂಡುಹಿಡಿದಿಲ್ಲ, ಇದ್ದಿದ್ದನ್ನ ತಗೊಂಡಿದ್ದಾರೆ ಅಷ್ಟೇ. 1967ರಿಂದ ಮನೆಮನೆಗೆ ಹೋದ ಅಮರ ಚಿತ್ರ ಕಥೆ ಪುಸ್ತಕಗಳನ್ನ ತೆಗೆದು ನೋಡಿ. ದೇವರು, ಋಷಿ, ರಾಜಕುಮಾರ ಬಹುಪಾಲು ತೆಳ್ಳನೆ ಬಣ್ಣ, ಇಲ್ಲಾ ಅಂದ್ರೆ ನೀಲಿ. ಅಸುರ ಬಂದ ಅಂದ್ರೆ ಮೈ ಕಪ್ಪು ಇಲ್ಲಾ ಕಂದು, ಕೂದಲು ಕೆದರಿದ್ದು, ಕೋರೆಹಲ್ಲು. ನಾವೂ ಅದನ್ನೇ ಓದಿ ಬೆಳೆದ್ವಿ. ಹಾಸ್ಟೆಲ್ಲಿನಲ್ಲಿ ಅಸುರ ಸತ್ತಾಗ ನಾವೂ ಚಪ್ಪಾಳೆ ಹೊಡೆದಿದ್ದೀವಿ.

2015ರಲ್ಲಿ ಬಾಹುಬಲಿ ಬಂತು. ಕಾಲಕೇಯರು ನೆನಪಿದ್ದಾರಾ? ಮೈಗೆ ಕಪ್ಪು ಬಳಿದ ಸಾವಿರಾರು ಜನ, ಕೊಳಕು ಹಲ್ಲು, ಅವರಿಗೇ ಅಂತ ಹೊಸದಾಗಿ ಕಟ್ಟಿದ ಕಿಲಿಕಿಲಿ ಭಾಷೆ. ಅವರಿಗೆ ಊರು ತೋರಿಸಲಿಲ್ಲ, ಅಡುಗೆ ಮನೆ ತೋರಿಸಲಿಲ್ಲ, ಅವರ ಮಕ್ಕಳನ್ನ ತೋರಿಸಲಿಲ್ಲ. ಅವರು ಇದ್ದದ್ದು ಸಾಯೋಕೆ ಮಾತ್ರ. ಥಿಯೇಟರಲ್ಲಿ ನನ್ನ ಪಕ್ಕ ಕೂತಿದ್ದ ನಮ್ಮ ಕೇರಿ ಹುಡುಗ ಶಿಳ್ಳೆ ಹೊಡೀತಿದ್ದ. ಅವನ ಮುಖ ಯಾರ ಕಡೆಗಿದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಮೈಸೂರಿನ ಚಾಮುಂಡಿ ಬೆಟ್ಟದ ಮೇಲಿನ ಮಹಿಷನನ್ನ ನೋಡಿ. ಒಂದು ಕೈಲಿ ಕತ್ತಿ, ಒಂದು ಕೈಲಿ ಹಾವು, ಉರಿಗಣ್ಣು. ಅವನ ಮುಂದೆ ನಿಂತು ಸೆಲ್ಫಿ ತಗೊಂಡೋರು ಲಕ್ಷಾಂತರ ಜನ. ಮಹಿಷ ಈ ನೆಲದ ರಾಜ ಅಂತ ಹೇಳಿ ನಮ್ಮ ಸಂಗಾತಿಗಳು ಮಹಿಷ ದಸರಾ ಮಾಡೋಕೆ ಹೋದಾಗ ಎಷ್ಟು ಗದ್ದಲ ಆಯ್ತು ಅಂತ ನಿಮಗೇ ಗೊತ್ತು. ಚರಿತ್ರೆ ಯಾವುದು, ಪುರಾಣ ಯಾವುದು ಅನ್ನೋ ವಾದ ಒಂದು ಕಡೆ ಇರಲಿ. ಜನಕ್ಕೆ ಸಿಟ್ಟು ಬಂದಿದ್ದು ವಾದಕ್ಕಲ್ಲ. ತಲೆಯೊಳಗೆ ಕೂತಿರೋ ಚಿತ್ರವನ್ನ ಅಲ್ಲಾಡಿಸಿದ್ರಲ್ಲ, ಅದಕ್ಕೆ. ಭಾಷಣ ಮರೆತುಹೋಗುತ್ತೆ ಗೆಳೆಯರೇ, ಚಿತ್ರ ಮರೆಯಲ್ಲ.

ಕೆಜಿಎಫ್ ಸಿನಿಮಾ ನೋಡಿ. 2018ರದ್ದು. ಕನ್ನಡ ಸಿನಿಮಾವನ್ನ ದೇಶಕ್ಕೆಲ್ಲಾ ಪರಿಚಯ ಮಾಡಿಸಿದ್ದು ಅದೇ, ಇಲ್ಲ ಅನ್ನಲ್ಲ. ಕೋಲಾರದ ಸೈನೈಡ್ ದಿಬ್ಬಗಳ ಮೇಲೇ ಸೆಟ್ ಹಾಕಿ ಒಂದು ಕರಾಳ ಲೋಕ ಕಟ್ಟಿದ್ರು. ಅದರಲ್ಲಿ ಕಾರ್ಮಿಕರು ಅಂದ್ರೆ ಮಸಿ ಮೆತ್ತಿದ ಮುಖಗಳ ಗುಂಪು. ಅವರಿಗೆ ಜಾತಿ ಇಲ್ಲ, ಸಂಘ ಇಲ್ಲ, ಕಾಪಾಡೋಕೆ ಹೊರಗಿನಿಂದ ಒಬ್ಬ ಹೀರೋ ಬರಬೇಕು. ನಿಜವಾದ ಕೆಜಿಎಫ್ ಯಾವುದು? ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನ ತೆಗೆದವರಲ್ಲಿ ಬಹುಪಾಲು ಜನ ತಮಿಳು ನಾಡಿನ ಕಡೆಯಿಂದ ಬಂದ ದಲಿತರು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಬಂತು. 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಕಾರ್ಮಿಕರು ಮುಷ್ಕರಕ್ಕೆ ಕೂತರು. ಯಾವ ಹೀರೋನೂ ಹೊರಗಿಂದ ಬಂದಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಬುದ್ಧವಿಹಾರ, ಫುಟ್‌ಬಾಲು, ಬ್ಯಾಂಡು, ನೀಲಿ ಬಾವುಟ ಎಲ್ಲಾ ಇದ್ದ ಊರು ಅದು. ಆ ಊರಿನ ಮಗನೋ ಮಗಳೋ ಕಾನ್ಸೆಪ್ಟ್ ಆರ್ಟಿಸ್ಟ್ ಆಗಿ ಆ ಟೇಬಲ್ಲಿನ ಮುಂದೆ ಕೂತಿದ್ದಿದ್ರೆ ಆ ಲೋಕ ಬೇರೆ ಥರ ಕಾಣ್ತಿತ್ತು. ನಾನು ಹೇಳೋಕೆ ಹೊರಟಿರೋದು ಇಷ್ಟೇ.

ಈಗ ಕೆಲವರು ಕೇಳ್ತೀರಿ, ಗೊತ್ತು. ಅಣ್ಣ, ಮಲ ಗುಂಡೀಲಿ ಜನ ಸಾಯ್ತಾ ಇದ್ದಾರೆ, ಹೋಟ್ಲಲ್ಲಿ ಲೋಟ ಬೇರೆ ಇದೆ, ಸ್ಮಶಾನಕ್ಕೆ ಜಾಗ ಇಲ್ಲ, ನೀನು ರಾಕ್ಷಸನ ಚಿತ್ರ ಹಿಡ್ಕೊಂಡು ಕೂತಿದ್ದೀಯಲ್ಲ ಅಂತ. ಒಳ್ಳೇ ಪ್ರಶ್ನೆ. ನಾನೇ ನನಗೆ ಕೇಳ್ಕೊಂಡೆ.

ನನ್ನ ಉತ್ತರ ಇದು. ಬಿದರೆಹಳ್ಳಿ ಕಾವಲಲ್ಲಿ ಶಂಕುಸ್ಥಾಪನೆ ಆಗಿದ್ದು 2016ರ ಜನವರಿ 3ಕ್ಕೆ ಅಂದೆನಲ್ಲ. ಸರಿಯಾಗಿ ಎರಡು ವಾರಕ್ಕೆ, ಜನವರಿ 17ಕ್ಕೆ, ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದ. ಅವನ ಆಸೆ ಏನಿತ್ತು? ಕಾರ್ಲ್ ಸೇಗನ್ ಥರ ವಿಜ್ಞಾನದ ಬರಹಗಾರ ಆಗಬೇಕು ಅಂತ. ನಕ್ಷತ್ರ, ಆಕಾಶ ಅವನ ಲೋಕ. ನಮ್ಮ ಮಕ್ಕಳು ಮೀಸಲಾತಿ ಬಗ್ಗೆ ಮಾತಾಡಿದ್ರೆ ಕೇಳಿಸ್ಕೋತಾರೆ, ದೌರ್ಜನ್ಯದ ಬಗ್ಗೆ ಬರೆದ್ರೆ ಓದ್ತಾರೆ. ನಕ್ಷತ್ರದ ಬಗ್ಗೆ ಮಾತಾಡಿದ್ರೆ ಮಾತ್ರ, ನಿನಗ್ಯಾಕೆ ಅದೆಲ್ಲಾ ಅಂತಾರೆ. ಬೇರೆಯವರಷ್ಟೇ ಅಲ್ಲ, ಎಷ್ಟೋ ಸಲ ನಾವೂ ಅಂದಿದ್ದೀವಿ. ಹೊಟ್ಟೆಗೆ, ಬಟ್ಟೆಗೆ, ಭೂಮಿಗೆ ಹೋರಾಡೋದು ಹಕ್ಕಾದ್ರೆ, ಇನ್ನೂ ಇಲ್ಲದ ಲೋಕವನ್ನ ಕಲ್ಪಿಸಿಕೊಳ್ಳೋದೂ ಹಕ್ಕೇ.

ಬಾಬಾಸಾಹೇಬರು ಮಾಡಿದ್ದೂ ಅದನ್ನೇ ಅಲ್ವಾ? ಅಸ್ಪೃಶ್ಯತೆ ಇಲ್ಲದ ಭಾರತ ಅಂತ ಒಂದು ದೇಶ ಆಗ ಭೂಮಿ ಮೇಲೆ ಎಲ್ಲೂ ಇರಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ. ಇಲ್ಲದ ದೇಶವನ್ನ ಮೊದಲು ಕಾಗದದ ಮೇಲೆ ಕಟ್ಟಿದ್ರು. ಅಲ್ಲೊಂದು ನೋವಿನ ಸಂಗತಿ ಇದೆ. ಸಂವಿಧಾನದ ಕೈಬರಹದ ಮೂಲಪ್ರತಿಗೆ ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರು ಚಿತ್ರ ಬರೆದ್ರು. ಬಹಳ ಚೆಂದದ ಚಿತ್ರಗಳು. ರಾಮ ಇದ್ದಾನೆ, ಕೃಷ್ಣಾರ್ಜುನರಿದ್ದಾರೆ, ಬುದ್ಧ, ಮಹಾವೀರ, ಅಕ್ಬರ್, ಶಿವಾಜಿ, ಟಿಪ್ಪು, ಲಕ್ಷ್ಮೀಬಾಯಿ, ಗಾಂಧಿ, ನೇತಾಜಿ ಎಲ್ಲರೂ ಇದ್ದಾರೆ. ಬಾಬಾಸಾಹೇಬರ ಚಿತ್ರ ಇಲ್ಲ. ಅಕ್ಷರ ನಮ್ಮದು, ಚಿತ್ರ ಅವರದು. ನಮ್ಮ ಜನ ಏನು ಮಾಡಿದ್ರು? ಬೋರ್ಡ್ ಬರೆಯೋ ಪೇಂಟರನ್ನ ಕರೆಸಿ ಕೇರಿ ಗೋಡೆ ಮೇಲೆ ನೀಲಿ ಕೋಟು, ಕೈಲಿ ಪುಸ್ತಕ, ಮುಂದಕ್ಕೆ ಚಾಚಿದ ಬೆರಳು ಬರೆಸಿದ್ರು. ನನ್ನನ್ನ ಕೇಳಿದ್ರೆ ಈ ದೇಶದ ಅತಿ ದೊಡ್ಡ ಕಾನ್ಸೆಪ್ಟ್ ಆರ್ಟ್ ಅದೇ. ಆ ಬೆರಳು ತೋರಿಸ್ತಿರೋದು ನಾಳೆಯ ಕಡೆಗೆ.

ನಮ್ಮ ಜನಕ್ಕೆ ಕುಂಚ ಹೊಸದು ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ತೊಗಲು ಬೊಂಬೆ ಮಾಡಿದವರು ಯಾರು? ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು. ಚರ್ಮ ಹದ ಮಾಡಿ, ತೆಳ್ಳಗೆ ಮಾಡಿ, ತೂತು ಕೊರೆದು, ಬಣ್ಣ ಹಾಕಿ, ದೀಪದ ಮುಂದೆ ಹಿಡಿದು ರಾಮಾಯಣ ಮಹಾಭಾರತ ಅಷ್ಟನ್ನೂ ಬಿಳಿ ಪರದೆ ಮೇಲೆ ಕಟ್ಟಿದವರು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಆಗ ಅಜ್ಜಿಗೆ ತೊಂಬತ್ತು ದಾಟಿತ್ತು. ಆ ಆಟದಲ್ಲಿ ಒಂದು ಸಂಗತಿ ಗಮನಿಸಿ. ದೇವರುಗಳ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಅಂತ ಇಬ್ಬರು ಬರ್ತಾರೆ. ಕರ್ರಗಿನ ಮೈ, ಸೊಟ್ಟ ಮೂತಿ, ಆದ್ರೆ ಬಾಯಿ ಮಾತ್ರ ಜೋರು. ರಾಜನನ್ನೂ ಬಿಡಲ್ಲ, ದೇವರನ್ನೂ ಬಿಡಲ್ಲ. ಬೊಂಬೆ ಮಾಡಿದ ಜನ ತಮ್ಮನ್ನೂ ಆ ಪರದೆ ಮೇಲೆ ತಂದ್ರು, ಸಾಯೋಕೆ ಅಲ್ಲ, ನಗಿಸೋಕೆ, ಪ್ರಶ್ನೆ ಕೇಳೋಕೆ. ಕುಂಚ ಕೈಲಿದ್ರೆ ಕಪ್ಪು ಮೈಯ ಅರ್ಥಾನೇ ಬದಲಾಗುತ್ತೆ.

ನಮ್ಮ ಗುಬ್ಬಿಯನ್ನೇ ತಗೊಳ್ಳಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ವೀರಣ್ಣನವರ ಕಾಲಕ್ಕೆ ಆನೆ ಕುದುರೆಗಳನ್ನೇ ತಂದು ಕುರುಕ್ಷೇತ್ರ ಆಡಿಸ್ತು. ಹಿಂದೆ ಬಣ್ಣದ ಪರದೆ. ಅರಮನೆ ಪರದೆ, ಕಾಡಿನ ಪರದೆ, ರಸ್ತೆ ಪರದೆ. ಹಳ್ಳಿ ಜನ ಹಸ್ತಿನಾವತಿ ನೋಡಿದ್ದು ಆ ಪರದೆ ಮೇಲೆ. ಪರದೆ ಬರೆದವರನ್ನ ಆಗ ಕಾನ್ಸೆಪ್ಟ್ ಆರ್ಟಿಸ್ಟ್ ಅಂತಿರಲಿಲ್ಲ ಅಷ್ಟೇ. ಹಗ್ಗ ಎಳೆದವರು, ಗೂಟ ಹೊಡೆದವರು, ಗಾಡಿಗೆ ಪರದೆ ಹೇರಿದವರು ಯಾವ ಕೇರಿಯವರು ಅಂತ ನಾನು ಬಿಡಿಸಿ ಹೇಳಬೇಕಾ? ವೀರಣ್ಣನವರ ಹೆಸರು ಉಳೀತು, ಉಳೀಬೇಕಾದ್ದೇ. ಹಗ್ಗ ಎಳೆದವರ ಹೆಸರು ಉಳೀಲಿಲ್ಲ.

ಈಗ ಹೆಲಿಕಾಪ್ಟರಿನ ಮಾತಿಗೆ ಬರ್ತೀನಿ. ಸ್ಟಾರ್ ವಾರ್ಸ್ ಅಂತ 1977ರ ಇಂಗ್ಲಿಷ್ ಸಿನಿಮಾ. ಇವತ್ತು ಜಗತ್ತಿನ ಯಾವ ಮಗುವೂ ಗುರುತಿಸೋ ಆ ಕಪ್ಪು ಮುಖವಾಡದ ಡಾರ್ತ್ ವೇಡರನನ್ನ ಮೊದಲು ಬರೆದವರು ರಾಲ್ಫ್ ಮ್ಯಾಕ್ವಾರಿ. ಅವರು ಅದಕ್ಕೂ ಮುಂಚೆ ಏನು ಮಾಡ್ತಿದ್ರು ಗೊತ್ತಾ? ಬೋಯಿಂಗ್ ವಿಮಾನ ಕಂಪನಿಯಲ್ಲಿ ತಾಂತ್ರಿಕ ಚಿತ್ರ ಬರೀತಿದ್ರು. ಯಾವ ಬೋಲ್ಟು ಎಲ್ಲಿ, ಯಾವ ಭಾಗ ಯಾವುದಕ್ಕೆ ಸೇರುತ್ತೆ, ಅಂಥ ಚಿತ್ರಗಳು. ಆ ಕೈಯಿಂದಾನೇ ಬಾಹ್ಯಾಕಾಶದ ಹಡಗುಗಳು ಬಂದ್ವು. ಹಣ ಹಾಕೋರಿಗೆ ತೋರಿಸಿದ್ದು ಅವರ ಚಿತ್ರಗಳನ್ನೇ. ಆ ಮುಖವಾಡ ಹೇಗೆ ಬಂತು? ಕತೆಯಲ್ಲಿ ಒಬ್ಬ ಒಂದು ಹಡಗಿನಿಂದ ಇನ್ನೊಂದಕ್ಕೆ ಗಾಳಿಯೇ ಇಲ್ಲದ ಜಾಗದಲ್ಲಿ ದಾಟಬೇಕು. ಮ್ಯಾಕ್ವಾರಿಗೆ ಬಂದ ಅನುಮಾನ ಸರಳ. ಇವನು ಉಸಿರಾಡೋದು ಹೆಂಗೆ? ಆ ಒಂದು ಪ್ರಶ್ನೆಯಿಂದ ಉಸಿರಾಟದ ಮುಖವಾಡ ಬಂತು. ಆ ಉಸಿರಿನ ಸದ್ದೇ ಆಮೇಲೆ ಆ ಪಾತ್ರ ಆಯ್ತು.

ನೋಡಿ, ಒಳ್ಳೇ ಕಲಾವಿದ ಕೇಳೋದು ಇಂಥ ಪ್ರಶ್ನೆ. ಇವನು ಉಸಿರಾಡೋದು ಹೆಂಗೆ, ತಿನ್ನೋದು ಏನು, ಮಲಗೋದು ಎಲ್ಲಿ. ರಾಕ್ಷಸನ ಬಗ್ಗೆ ಯಾರೂ ಇದನ್ನ ಕೇಳಲ್ಲ. ಕಾಲಕೇಯನ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ರೆ ಅವನು ಮನುಷ್ಯ ಆಗಿಬಿಡ್ತಾನೆ, ಕೊಲ್ಲೋದು ಕಷ್ಟ ಆಗುತ್ತೆ.

ಕುಂಚ ತಮ್ಮ ಕೈಗೆ ಬಂದ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಕಪ್ಪು ಜನರ ಉದಾಹರಣೆ ಇದೆ. 2018ರ ಬ್ಲ್ಯಾಕ್ ಪ್ಯಾಂಥರ್. ನಿರ್ದೇಶಕ ರಯಾನ್ ಕೂಗ್ಲರ್ ಕಪ್ಪು ಮನುಷ್ಯ. ಆ ವಕಾಂಡ ದೇಶ ಹೆಂಗಿರಬೇಕು ಅಂತ ತೀರ್ಮಾನ ಮಾಡಿದ ಹನ್ನಾ ಬೀಚ್ಲರ್, ಬಟ್ಟೆ ಮಾಡಿದ ರೂತ್ ಕಾರ್ಟರ್ ಇಬ್ಬರೂ ಕಪ್ಪು ಹೆಣ್ಣುಮಕ್ಕಳು. ಬೀಚ್ಲರ್ ಆ ಇಲ್ಲದ ದೇಶದ ಬಗ್ಗೆ ಸುಮಾರು 500 ಪುಟದ ಕೈಪಿಡಿ ಮಾಡಿದ್ರು. ಕಾರ್ಟರ್ ಜುಲು ಹೆಂಗಸರ ಸಾಂಪ್ರದಾಯಿಕ ಟೋಪಿಯನ್ನ ನೋಡಿ ರಾಣಿಯ ಕಿರೀಟವನ್ನ ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಿದ್ರು. 2019ರಲ್ಲಿ ಇಬ್ಬರಿಗೂ ಆಸ್ಕರ್ ಬಂತು, ಆ ಎರಡೂ ವಿಭಾಗದಲ್ಲಿ ಕಪ್ಪು ಜನರಿಗೆ ಸಿಕ್ಕ ಮೊದಲ ಆಸ್ಕರ್. ಅದು ದೊಡ್ಡ ಕಂಪನಿಯ ವ್ಯಾಪಾರದ ಸಿನಿಮಾನೇ. ಅದರಲ್ಲೂ ರಾಜ, ಸಿಂಹಾಸನ ಎಲ್ಲಾ ಇದೆ, ಅಂಬೇಡ್ಕರ್‌ವಾದಿಗಳಾದ ನಮಗೆ ರಾಜನ ಮೋಹ ಬೇಡ. ಆದ್ರೂ ಕಪ್ಪು ಮಗು ಪರದೆ ನೋಡಿ, ಈ ನಾಳೆಯಲ್ಲಿ ನಾನಿದ್ದೀನಿ ಅಂದ್ಕೊಂತಲ್ಲ, ಅದು ಸಣ್ಣದಲ್ಲ.

ನಮಗೆ ವಕಾಂಡ ಸಾಲ ತರೋ ಅಗತ್ಯ ಇಲ್ಲ. ನಮ್ಮಲ್ಲೇ ಬೇಕಾದಷ್ಟಿದೆ. ಸಂತ ರವಿದಾಸರು ಐದಾರು ಶತಮಾನದ ಹಿಂದೆಯೇ ಬೇಗಂಪುರ ಅಂತ ಒಂದು ಊರನ್ನ ಕಲ್ಪಿಸಿಕೊಂಡ್ರು. ದುಃಖ ಇಲ್ಲ, ಕಂದಾಯ ಇಲ್ಲ, ಮೇಲು ಕೀಳು ಇಲ್ಲ, ಯಾರು ಎಲ್ಲಿ ಬೇಕಾದ್ರೂ ನಡೆದಾಡಬಹುದು. ಚಪ್ಪಲಿ ಹೊಲಿಯೋ ಮನುಷ್ಯ ಕಟ್ಟಿದ ಊರು ಅದು. ಆ ಊರಿನ ಬೀದಿ ಹೆಂಗಿರುತ್ತೆ, ಬಾವಿ ಹೆಂಗಿರುತ್ತೆ ಅಂತ ಯಾರು ಬರೆದಿದ್ದಾರೆ? ನಮ್ಮ ಮಲೆ ಮಾದಪ್ಪನ ಕತೆಯಲ್ಲಿ ದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟ ಶ್ರವಣನನ್ನ ಮುಗಿಸಿದ ಆಯುಧ ಯಾವುದು? ಬಿಲ್ಲಲ್ಲ, ಚಕ್ರ ಅಲ್ಲ, ಹರಳಯ್ಯ ಮಾಡಿಕೊಟ್ಟ ಅರಗಿನ ಪಾದರಕ್ಷೆ. ಜಗತ್ತಿನ ಯಾವ ಫ್ಯಾಂಟಸಿಯಲ್ಲಿ ಇಂಥ ಆಯುಧ ಇದೆ ತೋರಿಸಿ! ದೇವನೂರ ಮಹಾದೇವರ ಕುಸುಮಬಾಲೆಯಲ್ಲಿ ರಾತ್ರಿ ಹೊತ್ತು ಜೋತಮ್ಮಗಳು ಸೇರಿ ಮಾತಾಡ್ತಾರೆ, ಮಂಚಕ್ಕೂ ಮಾತು ಬರುತ್ತೆ. 1984ರಲ್ಲಿ ಬಂದ ಪುಸ್ತಕ. ಬಂಗಾಳದ ಮಿಮಿ ಮೊಂಡಲ್, ನಮ್ಮ ಸಮುದಾಯದ ಹೆಣ್ಣುಮಗಳು, 2018ರಲ್ಲಿ ವಿಜ್ಞಾನ ಕತೆಗಳ ಲೋಕದ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿ ತಲುಪಿದ್ರು. ಚಳವಳಿಗೆ ಹಾಡು ಬಂತು, ಕತೆ ಬಂತು, ಆತ್ಮಕತೆ ಬಂತು, ನಾಟಕ ಬಂತು. ಸಿದ್ದಲಿಂಗಯ್ಯನವರ ಹಾಡು ಹಾಡದೇ ಇದ್ದ ಸಭೆ ಉಂಟಾ? ಆದ್ರೆ ನಾಳೆಯ ಚಿತ್ರ ಬರೆಯೋರನ್ನ ನಾವು ಅಷ್ಟಾಗಿ ಬೆಳೆಸಲಿಲ್ಲ. ಬ್ಯಾನರ್ ಬರೆಯೋಕೆ ಬೇಕಾದಾಗ ಮಾತ್ರ ಕರೆದ್ವಿ. ಈ ಮಾತಿನಲ್ಲಿ ನನ್ನ ಮೇಲೂ ತಪ್ಪಿದೆ, ಒಪ್ಕೋತೀನಿ.

ಈಗ ಅವಸರ ಯಾಕೆ ಅಂದ್ರೆ ಎಐ ಬಂದಿದೆ. ಎರಡು ಸಾಲು ಟೈಪ್ ಮಾಡಿದ್ರೆ ಚಿತ್ರ ಬರುತ್ತೆ. ಆ ಯಂತ್ರ ಕಲಿತಿರೋದು ಇಂಟರ್ನೆಟ್ಟಿನಲ್ಲಿರೋ ಕೋಟ್ಯಂತರ ಚಿತ್ರಗಳಿಂದ, ಬರೆದವರನ್ನ ಕೇಳದೆ. ಅದಕ್ಕೇ ಅಮೆರಿಕದ ಕಾನ್ಸೆಪ್ಟ್ ಆರ್ಟಿಸ್ಟ್ ಕಾರ್ಲಾ ಓರ್ಟಿಜ್ ಮತ್ತು ಇನ್ನಿಬ್ಬರು ಕಲಾವಿದರು 2023ರ ಜನವರಿಯಲ್ಲಿ ಆ ಕಂಪನಿಗಳ ಮೇಲೆ ಕೋರ್ಟಿಗೆ ಹೋದ್ರು. ನಮ್ಮ ಪಾಡು ಇನ್ನೂ ವಿಚಿತ್ರ. ಅವರ ಚಿತ್ರ ಕದ್ದಿದ್ದಾರೆ ಅಂತ ಅವರ ದೂರು. ಕದಿಯೋಕೂ ನಮ್ಮ ಚಿತ್ರ ಅಲ್ಲಿ ಇಲ್ಲ ಅಂತ ನಮ್ಮ ದೂರು. ಇರೋದು ಅಸುರ, ಕಾಲಕೇಯ, ಮಸಿ ಮೆತ್ತಿದ ಕೂಲಿ. ಯಂತ್ರ ಅದನ್ನೇ ಕಲೀತಾ ಹೋದ್ರೆ ನಮ್ಮಪ್ಪನ ಮುಖ ರಾಕ್ಷಸನಿಗೇ ಖಾಯಂ ಆಗುತ್ತೆ, ಆಗ ಬೈಯೋಕೂ ಒಬ್ಬ ಮನುಷ್ಯ ಸಿಗಲ್ಲ.

ಕೆಲಸದ ಪರಿಸ್ಥಿತಿಯೂ ಹಂಗೇ ಇದೆ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕಂಪನಿ ಭಾರತದಲ್ಲಿ ಬಾಗಿಲು ಹಾಕಿದಾಗ ಬೆಂಗಳೂರಿನವರೂ ಸೇರಿ ಸಾವಿರಾರು ಜನ ದಿಢೀರನೆ ಬೀದಿಗೆ ಬಂದ್ರು. ಮನೇಲಿ ಆಸ್ತಿ ಇದ್ದವನು ಆರು ತಿಂಗಳು ತಡ್ಕೋತಾನೆ. ನಮ್ಮ ಹುಡುಗಿ ಮುಂದಿನ ತಿಂಗಳ ಪಿಜಿ ಬಾಡಿಗೆಗೇ ಯೋಚನೆ ಮಾಡ್ತಾಳೆ. ಅದಕ್ಕೇ ಅವಳು ಆ ಬ್ರೀಫಿಗೆ ಆಗಲ್ಲ ಅನ್ನಲಿಲ್ಲ. ಅದಕ್ಕೇ ನಾನು ಅವಳನ್ನ ಬೈಲಿಲ್ಲ. ಇಲ್ಲಿ ಯಾರಾದ್ರೂ ಬಂದು "ಸ್ವಾಭಿಮಾನ ಇಲ್ವಾ" ಅಂತ ಕಾಮೆಂಟ್ ಹಾಕಿದ್ರೆ ಅವರ ಜೊತೆ ನನ್ನ ಸ್ನೇಹ ಅಲ್ಲಿಗೆ ಮುಗೀತು. ಒಬ್ಬಳೇ ಹುಡುಗಿಯ ತಲೆ ಮೇಲೆ ಇಡೀ ಸಮುದಾಯದ ಸ್ವಾಭಿಮಾನ ಹೊರಿಸಬೇಡಿ. ಆ ಕೋಣೆಯಲ್ಲಿ ನಮ್ಮವರು ಐದು ಜನ ಇದ್ದಿದ್ರೆ, ಒಬ್ಬರಾದ್ರೂ "ಯಾಕೆ ಕಪ್ಪೇ ಆಗಬೇಕು ಸಾರ್?" ಅಂತ ಕೇಳ್ತಿದ್ರು. ಒಂಟಿಯಾಗಿದ್ರೆ ಬಾಯಿ ಬರಲ್ಲ. ಇದು ನಮಗೆ ಶಾಲೆಯಿಂದ ಗೊತ್ತಿರೋದೇ.

ಹಾಗಾಗಿ ನನ್ನ ಒತ್ತಾಯ ಹೇಳ್ತೀನಿ, ಸಂಘಟನೆಗಳವರು ದಯವಿಟ್ಟು ಎತ್ತಿಕೊಳ್ಳಿ.

ಒಂದು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ಅಂತಾನೇ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, 2012ರಲ್ಲೇ. ಈಗ 2024-29ರ ಹೊಸ ನೀತಿ ಇದೆ. ಅದರಡಿ ಕೊಡೋ ತರಬೇತಿ, ನೆರವು, ಸ್ಟಾರ್ಟಪ್ ಹಣ ಎಲ್ಲದರಲ್ಲೂ ಎಸ್‌ಸಿ ಎಸ್‌ಟಿ ಮಕ್ಕಳಿಗೆ ಎಷ್ಟು ಹೋಯ್ತು ಅಂತ ವರ್ಷವರ್ಷ ಲೆಕ್ಕ ಕೊಡಲಿ.

ಎರಡು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣ ಎಲ್ಲೆಲ್ಲಿಗೋ ಹರೀತಿರೋದು ನೋಡ್ತಾನೇ ಇದ್ದೀವಿ. ಅದೇ ಹಣದಲ್ಲಿ ಜಿಲ್ಲೆಗೊಂದು ಸಮಾಜ ಕಲ್ಯಾಣ ಹಾಸ್ಟೆಲ್ಲಿನಲ್ಲಾದ್ರೂ ಡಿಜಿಟಲ್ ಚಿತ್ರಕಲೆಯ ಲ್ಯಾಬ್ ಮಾಡಿ. ಬರೆಯೋ ಟ್ಯಾಬ್ಲೆಟ್ಟು, ಅದನ್ನ ತಡೆಯೋ ಕಂಪ್ಯೂಟರು ಎಲ್ಲಾ ಸೇರಿದ್ರೆ ಲಕ್ಷ ದಾಟುತ್ತೆ. ಕೂಲಿ ಮಾಡೋರ ಮಗು ಎಲ್ಲಿಂದ ತರುತ್ತೆ?

ಮೂರು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಖಾಲಿ ಇರೋ ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬಿ. ನಮ್ಮ ಹುಡುಗಿ ಇಲ್ಲಿವರೆಗೆ ಬಂದಿದ್ದು ಒಬ್ಬ ಡ್ರಾಯಿಂಗ್ ಮೇಷ್ಟ್ರಿಂದ. ತಮ್ಮ ಜೇಬಿಂದ ಬಣ್ಣದ ಡಬ್ಬಿ ತೆಗೆದುಕೊಟ್ಟು "ನೀನು ಬರಿ ಮಗಳೇ" ಅಂದಿದ್ರು.

ನಾಲ್ಕು, ಇದು ನಮಗೇ. ಏಪ್ರಿಲ್ 14ಕ್ಕೆ ಡಿಜೆಗೆ ಖರ್ಚು ಮಾಡೋ ದುಡ್ಡಿನಲ್ಲಿ ಒಂದು ಪಾಲು ತೆಗೆದು ಕೇರಿ ಮಕ್ಕಳಿಗೆ ಚಿತ್ರ ಶಿಬಿರ ಮಾಡಿ. ವಿಷಯ ಕೊಡಿ: ನೂರು ವರ್ಷ ಆದ ಮೇಲೆ ನಿಮ್ಮ ಕೇರಿ. ನಮ್ಮ ನೋವನ್ನ ಬರೀಬೇಡಿ ಅಂತ ನಾನು ಹೇಳ್ತಿಲ್ಲ. ನೋವನ್ನ ಮಾತ್ರ ಬರೀಬೇಡಿ ಅಂತಿದ್ದೀನಿ.

ಮುಗಿಸೋ ಮುಂಚೆ ಇನ್ನೊಂದು. ನಿನ್ನೆ ನಮ್ಮ ಹುಡುಗಿ ಮತ್ತೆ ಫೋನ್ ಮಾಡಿದ್ಲು. ಸ್ಟುಡಿಯೋಗಲ್ಲ, ತನಗಾಗಿ ಒಂದು ಚಿತ್ರ ಶುರು ಮಾಡಿದ್ದಾಳಂತೆ. ಬಿದರೆಹಳ್ಳಿ ಕಾವಲು. ದೂರದಲ್ಲಿ ದನ, ಹತ್ತಿರದಲ್ಲಿ ಹೆಲಿಕಾಪ್ಟರು, ಅದರ ಬಾಗಿಲು ಹಿಡಿದು ಕೆಳಗಿಳೀತಿರೋ ತಾತ. ಮುಖ ಅದೇ, ಅಗಲ ಮೂಗು, ಮೂರು ಗೆರೆ, ಹುಬ್ಬಿನ ಗಾಯ. ಮೈ ಬಣ್ಣ ಒಂದಿಷ್ಟೂ ತೆಳು ಮಾಡಿಲ್ಲ ಅಂದ್ಲು.

ಆಮೇಲೆ ಕೇಳಿದ್ಲು, "ಮಾವ, ತಾತ ಕಾಲಿಗೆ ಎಂಥಾ ಚಪ್ಪಲಿ ಹಾಕ್ತಿದ್ರು? ಪಾದ ಬರೀಬೇಕು, ಗೊತ್ತಾಗ್ತಿಲ್ಲ."

ನಾನು ಸುಮ್ಮನಾದೆ. ನಮ್ಮಪ್ಪನ ಹತ್ರ ಒಂದು ಜೊತೆ ಎಕ್ಕಡ ಇತ್ತು. ಊರೊಳಗೆ ಹೋಗುವಾಗ ಅದನ್ನ ಕಾಲಿಂದ ತೆಗೆದು ಕಂಕುಳಲ್ಲಿ ಇಟ್ಕೊಳ್ತಿದ್ದ. ಅದನ್ನೇ ಹೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಂದ್ಲು, "ಹಂಗಾದ್ರೆ ಕಾಲಿಗೇ ಹಾಕಿಸ್ತೀನಿ ಮಾವ. ಹೊಸದು."

ಚಿತ್ರ ಮುಗಿದ ಮೇಲೆ ಇಲ್ಲೇ ಹಾಕ್ತೀನಿ. ನಿಮ್ಮ ಮನೆ, ಕೇರಿ, ಹಾಸ್ಟೆಲ್ಲಿನಲ್ಲಿ ಚಿತ್ರ ಬರೆಯೋ ಮಕ್ಕಳಿದ್ರೆ ಕೆಳಗೆ ಅವರ ಚಿತ್ರ ಹಾಕಿ, ನೋಡೋಣ.

ಜೈ ಭೀಮ್.